ಮುತ್ತಜ್ಜನ ಅಪ್ಪ ಯಾವ ಪಡೆಯಲ್ಲಿದ್ದ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಅಮೆರಿಕದ ಹಳೆಯ ಜನಗಣತಿ ಪುಟಗಳನ್ನು ಓದುವ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಈಗ ಅಲ್ಲಿಯದೇ ಮಣ್ಣಿನ ಸೊಸೆಯರು, ಅಳಿಯಂದಿರು ಬಂದಿದ್ದಾರೆ. ಅವರ ಹಿರಿಯರಲ್ಲಿ ಯಾರೋ ಒಬ್ಬರು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಕಾನ್ಫೆಡರೇಟ್ ಪಡೆಯಲ್ಲಿದ್ದರು, ಅಂದರೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟುಹೋದ ರಾಜ್ಯಗಳ ಕಡೆ. ಆ ಮನುಷ್ಯನ ಕಾಗದ ಎಲ್ಲಿ ಸಿಗುತ್ತದೆ, ಸಿಕ್ಕರೆ ಹೇಗೆ ಓದಬೇಕು ಅನ್ನುವುದು ಎಲ್ಲರ ಪ್ರಶ್ನೆ. ನನ್ನ ಸೊಸೆಯ ಕಡೆಯ ಹಿರಿಯನೊಬ್ಬನನ್ನು ಹುಡುಕಲು ನಾನೇ ಮೂರು ವರ್ಷ ಕೂತಿದ್ದೇನೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ನನ್ನ ಗಂಡನ ಮನೆಯವರು ತಲೆಮಾರುಗಳಿಂದ ನಾರ್ತ್ ಕೆರೊಲಿನಾದವರು. ಅವರ ಮುತ್ತಜ್ಜನ ಅಪ್ಪ ‘ಕ್ಯಾಪ್ಟನ್’ ಆಗಿದ್ದರು, ಕಾನ್ಫೆಡರೇಟ್ ಸೇನೆಯ ಜನರಲ್ ಲೀ ಜೊತೆ ಕೊನೆಯ ದಿನದವರೆಗೂ ಇದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ನಮ್ಮ ಹತ್ತಿರ ಇರುವುದು ಮನೆಯ ಬೈಬಲ್‌ನಲ್ಲಿ ಬರೆದಿಟ್ಟ ಹೆಸರು ಮತ್ತು ಹುಟ್ಟಿದ ವರ್ಷ 1842, ಅಷ್ಟೇ. ಎಲ್ಲಿಂದ ಶುರು ಮಾಡಲಿ?
(ಷಾರ್ಲೆಟ್‌ನ ಓದುಗರು)

ಉತ್ತರ: ಯುದ್ಧದಿಂದ ಶುರು ಮಾಡಬೇಡಿ, ಆತನ ಸಾವಿನಿಂದ ಶುರು ಮಾಡಿ. ಇದು ತಲೆಕೆಳಗಾದ ಮಾತು ಅನ್ನಿಸಬಹುದು. ಆದರೆ ಒಂದೇ ಹೆಸರಿನ ಏಳೆಂಟು ಜನ ಒಂದೇ ರಾಜ್ಯದ ಪಡೆಗಳಲ್ಲಿ ಇರುತ್ತಾರೆ. ಅವರಲ್ಲಿ ನಿಮ್ಮವನು ಯಾರು ಅಂತ ಗುರುತಿಸಲು ಆತ ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಬದುಕಿದ, ಹೆಂಡತಿಯ ಹೆಸರೇನು, ಯಾವ ವರ್ಷ ತೀರಿಕೊಂಡ ಅನ್ನುವುದು ಮೊದಲೇ ಕೈಯಲ್ಲಿರಬೇಕು. ನಾನು ಇದನ್ನು ಮಾಡದೆ ನೇರ ಯುದ್ಧದ ಕಾಗದಕ್ಕೆ ಕೈ ಹಾಕಿ, ಒಂದು ಇಡೀ ಚಳಿಗಾಲ ಬೇರೆ ಯಾರದೋ ಮನೆಯ ಅಜ್ಜನ ಹಿಂದೆ ಹೋಗಿದ್ದೆ.

ಆತ 1910ರಲ್ಲಿ ಬದುಕಿದ್ದರೆ ಕೆಲಸ ಸುಲಭ. ಆ ವರ್ಷದ ಜನಗಣತಿಯಲ್ಲಿ ಅಂತರ್ಯುದ್ಧದ ಸೈನಿಕರಿಗೆಂದೇ ಒಂದು ಕಾಲಂ ಇತ್ತು. ಅಲ್ಲಿ ‘ಸಿಎ’ ಅಂತ ಬರೆದಿದ್ದರೆ ಕಾನ್ಫೆಡರೇಟ್ ಸೇನೆ, ‘ಯುಎ’ ಅಂದರೆ ಒಕ್ಕೂಟದ ಸೇನೆ. ಆಮೇಲೆ ಹಿಂದಕ್ಕೆ ನಡೆಯಿರಿ: 1900, 1880, 1870, 1860. ನಡುವೆ 1890 ಸಿಗುವುದಿಲ್ಲ, ಅದರ ಹೆಚ್ಚಿನ ಪುಟಗಳು 1921ರ ಬೆಂಕಿಯಿಂದಾಗಿ ಹಾಳಾದವು. 1860ರಲ್ಲಿ ಆ ಹದಿನೆಂಟರ ಹುಡುಗ ಯಾವ ಕೌಂಟಿಯಲ್ಲಿ ಅಪ್ಪನ ಮನೆಯಲ್ಲಿದ್ದ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಯಾಕೆಂದರೆ ಪಡೆಗಳನ್ನು ಕಟ್ಟಿದ್ದೇ ಊರೂರಿನಿಂದ. ಒಂದು ಕಂಪನಿ ಅಂದರೆ ಹೆಚ್ಚುಕಡಿಮೆ ಒಂದು ಕೌಂಟಿಯ ಹುಡುಗರು: ಅಣ್ಣತಮ್ಮಂದಿರು, ಭಾವಮೈದುನರು, ಪಕ್ಕದ ಹೊಲದವರು. ಪಟ್ಟಿಯಲ್ಲಿ ನಿಮ್ಮವನ ಹೆಸರಿನ ಅಕ್ಕಪಕ್ಕ ಜನಗಣತಿಯಲ್ಲಿ ಕಂಡ ನೆರೆಮನೆಯವರ ಹೆಸರೂ ಕಂಡರೆ, ಸರಿಯಾದ ಮನುಷ್ಯನನ್ನೇ ಹಿಡಿದಿದ್ದೀರಿ ಅಂತ ಧೈರ್ಯವಾಗಿ ಹೇಳಬಹುದು.

ಈಗ ಸೇವಾ ದಾಖಲೆಗೆ ಬರೋಣ. 1865ರ ಏಪ್ರಿಲ್ ಮೊದಲ ವಾರ ತನ್ನ ರಾಜಧಾನಿ ರಿಚ್ಮಂಡ್ ಬಿಟ್ಟು ಓಡುವಾಗ ಕಾನ್ಫೆಡರೇಟ್ ಸರ್ಕಾರ ಸೇನೆಯ ಕಾಗದಗಳಲ್ಲಿ ಕೈಗೆ ಸಿಕ್ಕಷ್ಟನ್ನು ಜೊತೆಗೆ ಒಯ್ದಿತು. ಅವು ಕೊನೆಗೆ ಬಂದು ನಿಂತದ್ದು ನಿಮ್ಮ ಷಾರ್ಲೆಟ್‌ನಲ್ಲೇ. ಅಲ್ಲಿ ಸ್ಯಾಮ್ಯುಯೆಲ್ ಕೂಪರ್ ಎಂಬ ಹಿರಿಯ ಅಧಿಕಾರಿ ಅವನ್ನು ಸುಡಲು ಬಿಡದೆ ಗೆದ್ದವರ ಕೈಗೆ ಒಪ್ಪಿಸಿದರು. ಅವತ್ತು ಆ ಪೆಟ್ಟಿಗೆಗಳಿಗೆ ಬೆಂಕಿ ಬಿದ್ದಿದ್ದರೆ ಇವತ್ತು ನಾವು ಹುಡುಕಲು ಹೆಚ್ಚೇನೂ ಇರುತ್ತಿರಲಿಲ್ಲ. ಮುಂದೆ 1903ರಿಂದ ವಾಷಿಂಗ್ಟನ್ನಿನ ಯುದ್ಧ ಇಲಾಖೆ ದಕ್ಷಿಣದ ರಾಜ್ಯಗಳಿಂದಲೂ ಕಾಗದಗಳನ್ನು ಎರವಲು ತರಿಸಿಕೊಂಡಿತು. ಹಾಜರಿ ಪಟ್ಟಿ, ಸಂಬಳದ ಪಟ್ಟಿ, ಆಸ್ಪತ್ರೆಯ ಪುಸ್ತಕ, ಸೆರೆಮನೆಯ ಪುಸ್ತಕ, ಇವೆಲ್ಲವನ್ನೂ ನೋಡಿ ಸೈನಿಕನ ಹೆಸರು ಕಂಡಲ್ಲೆಲ್ಲ ಒಂದೊಂದು ಚೀಟಿ ಬರೆದು, ಒಬ್ಬೊಬ್ಬನ ಚೀಟಿಗಳನ್ನು ಒಂದೊಂದು ಲಕೋಟೆಗೆ ಹಾಕಿಟ್ಟರು. ಇದೇ ಇವತ್ತು ನಮಗೆ ಸಿಗುವ ‘ಕಂಪೈಲ್ಡ್ ಸರ್ವಿಸ್ ರೆಕಾರ್ಡ್’. ಮೂಲಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ದಾಖಲೆ ಗುಂಪು 109. ಅವುಗಳ ಮೈಕ್ರೋಫಿಲ್ಮ್‌ಗಳಿಗೆ ‘ಎಂ’ ಅಂತ ಶುರುವಾಗುವ ನಂಬರ್ ಇದೆ: ಎಲ್ಲ ರಾಜ್ಯಗಳ ಹೆಸರು ಒಟ್ಟಿಗಿರುವ ಸೂಚಿ ಎಂ253, ನಾರ್ತ್ ಕೆರೊಲಿನಾದ ಲಕೋಟೆಗಳು ಎಂ270. ಫೋಲ್ಡ್3 ತಾಣದಲ್ಲಿ ಚಿತ್ರಗಳಿವೆ. ಅದಕ್ಕೆ ದುಡ್ಡು ಕಟ್ಟಬೇಕು ನಿಜ, ಆದರೆ ನಿಮ್ಮ ಕೌಂಟಿಯ ಲೈಬ್ರರಿಯಲ್ಲಿ ಪುಕ್ಕಟೆ ನೋಡಲು ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಎಷ್ಟೋ ಕಡೆ ಇರುತ್ತದೆ. ಫ್ಯಾಮಿಲಿಸರ್ಚ್ ತಾಣದ ಸೂಚಿ ಎಲ್ಲರಿಗೂ ಪುಕ್ಕಟೆ. ಹೆಸರು ಮತ್ತು ರೆಜಿಮೆಂಟ್ (ಹಲವು ಕಂಪನಿ ಸೇರಿದ ಪಡೆ) ಮಾತ್ರ ಸಾಕು ಅಂದರೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸೈನಿಕರ ಪಟ್ಟಿಯೂ ಇದೆ.

ಚೀಟಿಗಳಲ್ಲಿ ಕತೆ ಇರುವುದಿಲ್ಲ. ಎರಡೆರಡು ತಿಂಗಳಿಗೊಮ್ಮೆ ಹಾಜರಿ ತೆಗೆಯುತ್ತಿದ್ದರು, ಅದರ ಪ್ರಕಾರ ‘ಹಾಜರ್’, ‘ಗೈರು, ರಿಚ್ಮಂಡ್ ಆಸ್ಪತ್ರೆಯಲ್ಲಿ’, ‘ಕೊನೆಯ ಸಂಬಳ ಇಂಥವರಿಂದ’ ಅಂತ ಒಂದೊಂದು ಸಾಲು. ಮೊದಲ ಸಲ ನೋಡಿದಾಗ ನಿರಾಸೆಯಾಗುತ್ತದೆ. ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಆ ರೆಜಿಮೆಂಟ್ ಯಾವ ತಿಂಗಳು ಎಲ್ಲಿತ್ತು ಅಂತ ಬರೆದುಕೊಂಡು ಹೋಗಿ. ಆಗ ಒಬ್ಬ ಮನುಷ್ಯ ನಡೆದ ದಾರಿ ಕಾಣುತ್ತದೆ: ಯಾವ ಕದನಕ್ಕೆ ಇದ್ದ, ಯಾವುದು ನಡೆದಾಗ ಜ್ವರದಿಂದ ಮಲಗಿದ್ದ, ಎಷ್ಟು ತಿಂಗಳು ಸಂಬಳವಿಲ್ಲದೆ ಇದ್ದ. ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 11 ಡಾಲರ್, 1864ರಲ್ಲಿ 18 ಆಯಿತು. ಅಷ್ಟು ಹೊತ್ತಿಗೆ ಕಾನ್ಫೆಡರೇಟ್ ನೋಟಿಗೆ ಬೆಲೆಯೇ ಉಳಿದಿರಲಿಲ್ಲ.

ಎರಡು ಎಚ್ಚರಿಕೆ. ನಾರ್ತ್ ಕೆರೊಲಿನಾದಲ್ಲಿ ಮೊದಲು ಕಟ್ಟಿದ ವಾಲಂಟಿಯರ್ ರೆಜಿಮೆಂಟ್‌ಗಳ ನಂಬರನ್ನು 1861ರಲ್ಲೇ ಹತ್ತು ಕೂಡಿಸಿ ಬದಲಾಯಿಸಿದರು, 14ನೆಯದು 24 ಆಯಿತು. ಹಾಗಾಗಿ ಮನೆಯವರ ಮಾತಿನಲ್ಲಿ ಒಂದು ನಂಬರ್, ಚೀಟಿಯಲ್ಲಿ ಇನ್ನೊಂದು ಇದ್ದರೆ ಎರಡೂ ಸರಿಯಿರಬಹುದು. ಇನ್ನೊಂದು, ಆ ‘ಕ್ಯಾಪ್ಟನ್’. ಚೀಟಿಯಲ್ಲಿ ‘ಪ್ರೈವೇಟ್’, ಅಂದರೆ ಸಾಮಾನ್ಯ ಸೈನಿಕ, ಅಂತಲೇ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. 1889ರಲ್ಲಿ ಯುನೈಟೆಡ್ ಕಾನ್ಫೆಡರೇಟ್ ವೆಟರನ್ಸ್ ಎಂಬ ಸಂಘ ಶುರುವಾಯಿತು, ಅದರೊಳಗೂ ಸೇನೆಯಂತೆ ಪದವಿಗಳಿದ್ದವು. ಊರಿನ ಜನ ಮರ್ಯಾದೆಗೆ ಕರೆದ ಹೆಸರೂ ಹಾಗೇ ಅಂಟಿಕೊಂಡುಬಿಡುತ್ತಿತ್ತು. ಇನ್ನು ಲೀ ಜೊತೆ ಕೊನೆಯವರೆಗೂ ಇದ್ದದ್ದು ನಿಜವಾದರೆ, 1865ರ ಏಪ್ರಿಲ್ 9ರಂದು ಅಪೊಮ್ಯಾಟಾಕ್ಸ್‌ನಲ್ಲಿ ಶರಣಾಗಿ ಬಿಡುಗಡೆ ಚೀಟಿ ಪಡೆದ ಸುಮಾರು 28,000 ಜನರ ಪಟ್ಟಿಯಲ್ಲಿ ಹೆಸರಿರಬೇಕು. ಅಲ್ಲಿ ಇಲ್ಲದಿದ್ದರೆ ಗ್ರೀನ್ಸ್‌ಬರೊ ಪಟ್ಟಿ ನೋಡಿ, ಇನ್ನೊಬ್ಬ ಕಾನ್ಫೆಡರೇಟ್ ಜನರಲ್ ಜಾನ್ಸ್ಟನ್‌ನ ಸೇನೆ ಏಪ್ರಿಲ್ 26ಕ್ಕೆ ನಿಮ್ಮ ರಾಜ್ಯದಲ್ಲೇ, ಡರ್ಹಮ್ ಹತ್ತಿರ ಶರಣಾಯಿತು.

ಪ್ರಶ್ನೆ: ನಮ್ಮ ಅಳಿಯನ ಹಿರಿಯರು ಜಾರ್ಜಿಯಾದ ಪಡೆಯಲ್ಲಿ ಇದ್ದವರು, ಆಮೇಲೆ ಟೆಕ್ಸಸ್‌ಗೆ ಬಂದು ನೆಲೆಸಿದರು. ಪಿಂಚಣಿ ಬರುತ್ತಿತ್ತಂತೆ. ವಾಷಿಂಗ್ಟನ್‌ಗೆ ಬರೆದರೆ ಇಂಥ ಹೆಸರಿನ ಪಿಂಚಣಿ ಫೈಲೇ ಇಲ್ಲ ಅಂದರು. ಜಾರ್ಜಿಯಾದಲ್ಲೂ ಇಲ್ಲವಂತೆ. ಹಾಗಾದರೆ ಪಿಂಚಣಿಯ ಮಾತು ಸುಳ್ಳಾ?
(ಆಸ್ಟಿನ್‌ನ ಓದುಗರು)

ಉತ್ತರ: ಸುಳ್ಳಲ್ಲ. ನೀವು ಮನೆಯಿಂದ ದೂರದಲ್ಲಿ ಹುಡುಕಿದಿರಿ, ಆ ಫೈಲ್ ಹೆಚ್ಚಾಗಿ ನಿಮ್ಮ ಊರಿನಲ್ಲೇ ಇರಬೇಕು.

ಗೆದ್ದ ಕಡೆಯ ಸೈನಿಕರಿಗೆ ಕೇಂದ್ರ ಸರ್ಕಾರ ಪಿಂಚಣಿ ಕೊಟ್ಟಿತು. ಸೋತ ಕಡೆಯವರಿಗೆ ಕೊಡಲಿಲ್ಲ, ದಂಗೆ ಎದ್ದವರಿಗೆ ಯಾಕೆ ಕೊಡುತ್ತಾರೆ, ಅಲ್ವಾ? ಅವರಿಗೆ ಕೊಟ್ಟದ್ದು ದಕ್ಷಿಣದ ರಾಜ್ಯಗಳು. ಒಕ್ಕೂಟ ಬಿಟ್ಟಿದ್ದ ಹನ್ನೊಂದು ರಾಜ್ಯಗಳು, ಜೊತೆಗೆ ಕೆಂಟಕಿ, ಮಿಸೌರಿ, ಓಕ್ಲಹೋಮ. ಶುರುವಿನಲ್ಲಿ ಕೈಕಾಲು ಕಳೆದುಕೊಂಡವರಿಗೆ ಮರದ ಕಾಲು ಕೊಡುವುದರಿಂದ ಆರಂಭವಾಗಿ, ಆಮೇಲೆ ಅಂಗವಿಕಲರಿಗೆ, ಬಡವರಿಗೆ, ವಿಧವೆಯರಿಗೆ ಅಂತ ನಿಧಾನವಾಗಿ ಬೆಳೆಯಿತು. ನಾರ್ತ್ ಕೆರೊಲಿನಾದ ಕಾಯ್ದೆ 1885ರದು, ವರ್ಜೀನಿಯಾದ್ದು 1888, ಟೆನೆಸಿಯದ್ದು 1891, ಟೆಕ್ಸಸ್‌ನದ್ದು 1899, ಓಕ್ಲಹೋಮದ್ದು 1915ರಷ್ಟು ತಡ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಸೈನಿಕ ಅರ್ಜಿ ಹಾಕುತ್ತಿದ್ದದ್ದು ತಾನು ಹೋರಾಡಿದ ರಾಜ್ಯಕ್ಕಲ್ಲ, ಮುದಿತನದಲ್ಲಿ ತಾನು ವಾಸವಾಗಿದ್ದ ರಾಜ್ಯಕ್ಕೆ. ನಿಮ್ಮ ಅಳಿಯನ ಹಿರಿಯರ ಸೇವಾ ಚೀಟಿ ಜಾರ್ಜಿಯಾದ ಗುಂಪಿನಲ್ಲಿರುತ್ತದೆ, ಎಂ266. ಪಿಂಚಣಿ ಅರ್ಜಿ ಆಸ್ಟಿನ್‌ನ ಟೆಕ್ಸಸ್ ಸ್ಟೇಟ್ ಲೈಬ್ರರಿ ಅಂಡ್ ಆರ್ಕೈವ್ಸ್‌ನಲ್ಲಿರುತ್ತದೆ. ಬಸ್ಸಿನಲ್ಲಿ ಹೋಗಿ ಬರಬಹುದು ನೀವು.

ಸಿಕ್ಕ ಮೇಲೆ ಅವಸರ ಮಾಡಬೇಡಿ, ನಿಧಾನಕ್ಕೆ ಓದಿ. ಸೇವಾ ಚೀಟಿ ಬರೆದದ್ದು ಗುಮಾಸ್ತ. ಆತನಿಗೆ ಬೇಕಾಗಿದ್ದದ್ದು ಈ ಮನುಷ್ಯ ಇವತ್ತು ಸಾಲಿನಲ್ಲಿ ನಿಂತಿದ್ದಾನಾ ಇಲ್ಲವಾ ಅನ್ನುವುದಷ್ಟೇ. ಪಿಂಚಣಿ ಅರ್ಜಿಯಲ್ಲಿ ಮಾತಾಡುವುದು ಆ ಮನುಷ್ಯನೇ, ಮೂವತ್ತು ನಲವತ್ತು ವರ್ಷ ಕಳೆದ ಮೇಲೆ, ಕೌಂಟಿ ಕೋರ್ಟಿನಲ್ಲಿ ಪ್ರಮಾಣ ಮಾಡಿ. ಯಾವಾಗ, ಎಲ್ಲಿ ಸೇರಿದೆ, ಯಾವ ಕಂಪನಿ, ಎಲ್ಲಿ ಗುಂಡು ತಾಗಿತು, ಶರಣಾಗತಿಯ ದಿನ ಎಲ್ಲಿದ್ದೆ, ಈಗ ಎಷ್ಟು ಎಕರೆ ಇದೆ, ಎಷ್ಟು ದನ ಇದೆ, ದುಡಿಯಲು ಯಾಕೆ ಆಗುವುದಿಲ್ಲ. ಜೊತೆಗೆ ಅದೇ ಕಂಪನಿಯಲ್ಲಿದ್ದ ಇಬ್ಬರ ಸಾಕ್ಷಿ, ವೈದ್ಯರ ಪತ್ರ. ವಿಧವೆಯ ಅರ್ಜಿಯಾದರೆ ಮದುವೆಯ ತಾರೀಖು, ಯಾರು ಮದುವೆ ಮಾಡಿಸಿದರು, ಗಂಡ ಯಾವಾಗ ಹೇಗೆ ತೀರಿಕೊಂಡ. ವಂಶ ಹುಡುಕುವವರಿಗೆ ವಿಧವೆಯ ಅರ್ಜಿಗಿಂತ ದೊಡ್ಡ ಗಂಟು ಇನ್ನೊಂದಿಲ್ಲ. ಆತನ ಅರ್ಜಿ ಸಿಕ್ಕಿತು ಅಂತ ನಿಲ್ಲಿಸಬೇಡಿ, ಹೆಂಡತಿಯ ಹೆಸರಿನಲ್ಲೂ ಹುಡುಕಿ.

ನನ್ನ ಸೊಸೆಯ ಹಿರಿಯನ ಅರ್ಜಿಯಲ್ಲಿ ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತಿದೆ. ಓದು ಬರಹ ಬರುತ್ತಿರಲಿಲ್ಲ. ಆಸ್ತಿಯ ಸಾಲಿನಲ್ಲಿ ಒಂದು ಹಸು, ಎರಡು ಹಂದಿ ಅಂತಿದೆ. ಮನೆಯಲ್ಲಿ ಆತನ ಬಗ್ಗೆ ಹೇಳುತ್ತಿದ್ದ ಕತೆಯಲ್ಲಿ ಕುದುರೆ ಇತ್ತು, ಕತ್ತಿ ಇತ್ತು. ನನ್ನ ಸೊಸೆ ಆ ಎರಡು ಗೆರೆಗಳ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ದಳು.

ಚೀಟಿ ಮತ್ತು ಅರ್ಜಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ, ನಾನು ಇಡೀ ಅಂಕಣದಲ್ಲಿ ಹೇಳಬೇಕೆಂದಿರುವುದು ಇದೊಂದೇ. ಎರಡೂ ಹೊಂದುವ ಕಡೆ ನಿಮಗೆ ತಾರೀಖು ಸಿಗುತ್ತದೆ, ಹೊಂದದ ಕಡೆ ಆ ಮನುಷ್ಯ ಸಿಗುತ್ತಾನೆ. ಯಾಕೆ ಮರೆತ, ಯಾಕೆ ಕೂಡಿಸಿ ಹೇಳಿದ, ಯಾಕೆ ಒಂದು ವರ್ಷವನ್ನೇ ಬಿಟ್ಟ? ಮುದುಕರು ಮರೆಯುತ್ತಾರೆ, ಬಡತನ ಇದ್ದಾಗ ಸ್ವಲ್ಪ ಜಾಸ್ತಿಯೂ ಹೇಳುತ್ತಾರೆ. ಎಲ್ಲವನ್ನೂ ಸುಳ್ಳು ಅನ್ನಬೇಡಿ, ಎಲ್ಲವನ್ನೂ ನಂಬಲೂಬೇಡಿ.

1958ರ ಒಂದು ಕಾಯ್ದೆಯ ಬಗ್ಗೆ ಯಾರಾದರೂ ನಿಮಗೆ ಹೇಳಬಹುದು, ಕೇಂದ್ರವೂ ಕಾನ್ಫೆಡರೇಟರಿಗೆ ಪಿಂಚಣಿ ಕೊಟ್ಟಿತಲ್ಲ ಅಂತ. ಕಾಯ್ದೆ ಬಂದದ್ದು ಹೌದು, ಅಷ್ಟು ಹೊತ್ತಿಗೆ ಸೈನಿಕರು ಬಹುತೇಕ ಯಾರೂ ಉಳಿದಿರಲಿಲ್ಲ, ವಿಧವೆಯರು ಕೆಲವರಿದ್ದರು. ನಿಮ್ಮ ಹುಡುಕಾಟಕ್ಕೆ ಅದರಿಂದ ಏನೂ ಆಗುವುದಿಲ್ಲ.

ಪ್ರಶ್ನೆ: ಸೇವಾ ಚೀಟಿಯಲ್ಲಿ 1863ರ ಆಗಸ್ಟ್‌ನಲ್ಲಿ ‘ಡೆಸರ್ಟೆಡ್’ ಅಂತಿದೆ. ನನ್ನ ಮಾವನವರಿಗೆ ತೋರಿಸಿದೆ, ಅವರು ಎರಡು ದಿನ ಮಾತಾಡಲಿಲ್ಲ. ತೋರಿಸಿದ್ದು ತಪ್ಪಾಯಿತಾ?
(ರ‍್ಯಾಲಿಯ ಓದುಗರು)

ಉತ್ತರ: ತಪ್ಪಾಗಲಿಲ್ಲ. ಆದರೆ ಆ ಒಂದು ಪದದ ಹಿಂದೆ ಏನಿತ್ತು ಅಂತ ಅವರಿಗೆ ಹೇಳಬೇಕು, ಬರೀ ಪದ ತೋರಿಸಿ ಬಿಡಬಾರದು.

ಮೊದಲು, ಪದ ಸರಿಯಾ ನೋಡಿ. ‘ಅನುಮತಿ ಇಲ್ಲದೆ ಗೈರು’ ಬೇರೆ, ‘ಓಡಿಹೋದ’ ಬೇರೆ. ಆಸ್ಪತ್ರೆಯಲ್ಲಿ ಮಲಗಿದ್ದವನ, ಶತ್ರುಗಳ ಕೈಗೆ ಸಿಕ್ಕವನ ಸುದ್ದಿ ಕಂಪನಿಗೆ ಮುಟ್ಟದೆ ಗುಮಾಸ್ತ ಹಾಗೆ ಬರೆದುಬಿಟ್ಟದ್ದೂ ಉಂಟು. ಮುಂದಿನ ಚೀಟಿಯಲ್ಲಿ ‘ಹಾಜರ್’ ಅಂತ ಬಂದರೆ ಆತ ವಾಪಸು ಬಂದ ಅಂತಲೇ ಅರ್ಥ. ಬೆಳೆ ಕೊಯ್ಯಲು ಮನೆಗೆ ಹೋಗಿ ಎರಡು ತಿಂಗಳ ಮೇಲೆ ಬಂದವರು ಬೇಕಾದಷ್ಟು ಜನ. ಸೆರೆ ಸಿಕ್ಕಿದ್ದರೆ ಪಾಯಿಂಟ್ ಲುಕ್‌ಔಟ್, ಎಲ್ಮೈರಾ, ಕ್ಯಾಂಪ್ ಡಗ್ಲಸ್, ಫೋರ್ಟ್ ಡೆಲವೇರ್ ಮುಂತಾದ ಶಿಬಿರಗಳ ಪುಸ್ತಕದಲ್ಲಿ ಹೆಸರಿರುತ್ತದೆ, ಎಂ598ರಲ್ಲಿ ಹುಡುಕಿ. 1865ರ ಜೂನ್‌ನಲ್ಲಿ ನಿಷ್ಠೆಯ ಪ್ರಮಾಣ ಮಾಡಿಸಿಕೊಂಡು ಬಿಡುವಾಗ ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣ ಎಲ್ಲ ಬರೆದುಕೊಂಡರು. ಫೋಟೋ ಇಲ್ಲದ ಮನೆಗಳಿಗೆ ಅದೇ ಫೋಟೋ.

ನಿಜವಾಗಿಯೂ ಓಡಿಹೋಗಿದ್ದರೆ? 1862ರ ಏಪ್ರಿಲ್‌ನಲ್ಲಿ ಕಾನ್ಫೆಡರೇಟ್ ಸರ್ಕಾರ ಕಡ್ಡಾಯ ಸೇನಾ ಸೇವೆ ತಂದಿತು. 18ರಿಂದ 35 ವರ್ಷದವರು, ಆಮೇಲೆ 45ರವರೆಗೆ, 1864ರಲ್ಲಿ 17ರಿಂದ 50. ಒಂದು ವರ್ಷಕ್ಕೆ ಅಂತ ಸೇರಿದವರನ್ನೂ ಹಾಗೇ ಹಿಡಿದಿಟ್ಟುಕೊಂಡರು. 1862ರ ಅಕ್ಟೋಬರ್‌ನಲ್ಲಿ, ಇಪ್ಪತ್ತು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯಿತಿ ಕೊಟ್ಟರು. ಒಂದು ಹಸು, ಎರಡು ಹಂದಿ ಇದ್ದವನಿಗೆ ಇದು ಹೇಗನ್ನಿಸಿರಬೇಕು ಯೋಚಿಸಿ. ನಾರ್ತ್ ಕೆರೊಲಿನಾದ ವಿಲ್ಕ್ಸ್, ರ‍್ಯಾಂಡಾಲ್ಫ್ ಕೌಂಟಿಗಳಲ್ಲಿ ಮೊದಲಿನಿಂದಲೂ ಒಕ್ಕೂಟ ಬಿಡುವುದು ಬೇಡ ಅನ್ನುತ್ತಿದ್ದ ಜನ ಬಹಳ ಇದ್ದರು. ಅಲ್ಲಿಯ ಹುಡುಗರು ಓಡಿಬಂದು ಕಾಡಿನಲ್ಲಿ ಅಡಗಿರುತ್ತಿದ್ದರು, ಹೆಂಗಸರು ಊಟ ಒಯ್ದು ಕೊಡುತ್ತಿದ್ದರು.

ಮಾವನವರಿಗೆ ಮೋಸ್ ಟ್ರಿಪ್ಲೆಟ್ ಎಂಬಾತನ ವಿಷಯ ಹೇಳಿ. ಆತ ಕಾನ್ಫೆಡರೇಟ್ ಪಡೆಯ 26ನೇ ನಾರ್ತ್ ಕೆರೊಲಿನಾ ರೆಜಿಮೆಂಟ್‌ನಲ್ಲಿದ್ದ. 1863ರಲ್ಲಿ ಗೆಟಿಸ್‌ಬರ್ಗ್‌ಗೆ ಕದನಕ್ಕೆಂದು ಹೋಗುವ ದಾರಿಯಲ್ಲಿ ಕಾಯಿಲೆ ಬಿದ್ದು, ವರ್ಜೀನಿಯಾದ ಆಸ್ಪತ್ರೆಯಿಂದ ಓಡಿಹೋದ. ಆ ರೆಜಿಮೆಂಟ್ ಗೆಟಿಸ್‌ಬರ್ಗ್‌ನಲ್ಲಿ ಹೆಚ್ಚುಕಡಿಮೆ ನಾಶವಾಯಿತು. ಮುಂದಿನ ವರ್ಷ ಆತ ಒಕ್ಕೂಟದ ಕಡೆಯ 3ನೇ ನಾರ್ತ್ ಕೆರೊಲಿನಾ ಮೌಂಟೆಡ್ ಇನ್‌ಫೆಂಟ್ರಿ ಸೇರಿದ. ಅದಕ್ಕೇ ಆತನಿಗೆ ಕೇಂದ್ರದ ಪಿಂಚಣಿ ಸಿಕ್ಕಿತು. ಮುದಿತನದಲ್ಲಿ ಎರಡನೇ ಮದುವೆಯಾದ, 1930ರಲ್ಲಿ ಮಗಳು ಐರೀನ್ ಹುಟ್ಟಿದಳು, 1938ರಲ್ಲಿ ಆತ ತೀರಿಕೊಂಡ. ಸ್ವಂತ ದುಡಿದು ಬದುಕಲಾಗದ ಆ ಮಗಳಿಗೆ ಅಪ್ಪನ ಪಿಂಚಣಿ ತಿಂಗಳಿಗೆ 73 ಡಾಲರ್ 13 ಸೆಂಟ್, 2020ರ ಮೇ ಕೊನೆಗೆ ಆಕೆ ತೀರಿಕೊಳ್ಳುವವರೆಗೂ ಬರುತ್ತಿತ್ತು. ಅಂತರ್ಯುದ್ಧದ ಕಟ್ಟಕಡೆಯ ಪಿಂಚಣಿ ಅದು, ಯುದ್ಧ ಮುಗಿದ 155 ವರ್ಷದ ಮೇಲೆ. ಎಲ್ಲವೂ ನಿಂತಿದ್ದು ಆತ ಅವತ್ತು ಆಸ್ಪತ್ರೆಯಿಂದ ನಡೆದುಹೋದದ್ದರ ಮೇಲೆ.

ಇನ್ನೊಂದು ಕಡೆಯೂ ನೋಡಿಬಿಡಿ. ಸೆರೆಯಲ್ಲಿದ್ದ ಸುಮಾರು 6,000 ಕಾನ್ಫೆಡರೇಟರು ಒಕ್ಕೂಟದ ಸೇನೆ ಸೇರಿ ಪಶ್ಚಿಮದ ಗಡಿಗೆ ಹೋದರು. ‘ಗ್ಯಾಲ್ವನೈಸ್ಡ್ ಯಾಂಕೀ’ ಅಂತ ಅವರಿಗೆ ಹೆಸರು. ನಿಮ್ಮವರು ಅವರಲ್ಲಿದ್ದರೆ ಎರಡನೇ ಲಕೋಟೆ ಎಂ1017ರಲ್ಲಿದೆ, ಮತ್ತು ವಾಷಿಂಗ್ಟನ್‌ನಲ್ಲಿ ಪಿಂಚಣಿ ಫೈಲೂ ಇರಬಹುದು. ರಾಜ್ಯದ ಪಿಂಚಣಿ ಮಾತ್ರ ಓಡಿಹೋದವರಿಗೆ ಕೊಡುತ್ತಿರಲಿಲ್ಲ. ಆದರೂ ಅವರು ಹಾಕಿ ತಿರಸ್ಕಾರವಾದ ಅರ್ಜಿಗಳ ಫೈಲ್‌ಗಳನ್ನೂ ಹಾಗೇ ಇಟ್ಟಿರುತ್ತಾರೆ. ಅವುಗಳಲ್ಲಿ ಒಮ್ಮೊಮ್ಮೆ ಒಪ್ಪಿದ ಫೈಲ್‌ಗಿಂತ ಜಾಸ್ತಿ ಮಾತು ಇರುತ್ತದೆ, ಯಾಕೆಂದರೆ ಆತ ತನ್ನ ಕಡೆಯ ಕಾರಣ ಹೇಳಬೇಕಾಗಿತ್ತು.

ಪ್ರಶ್ನೆ: ಅತ್ತೆಯವರು ‘ನಮ್ಮವರು ಬಡವರು, ಗುಲಾಮರನ್ನು ಇಟ್ಟುಕೊಂಡಿರಲಿಲ್ಲ’ ಅನ್ನುತ್ತಾರೆ. ಅದನ್ನು ಪರೀಕ್ಷಿಸುವುದು ಹೇಗೆ? ಅದೇ ಕೌಂಟಿಯ ಪಿಂಚಣಿ ಪಟ್ಟಿಯಲ್ಲಿ ಒಬ್ಬ ಕರಿಯರ ಹೆಸರೂ ಇದೆ. ಅವರೂ ಸೈನಿಕರಾಗಿದ್ದರಾ?
(ನ್ಯಾಶ್‌ವಿಲ್‌ನ ಓದುಗರು)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಮನಸ್ಸಾರೆ ಥ್ಯಾಂಕ್ಸ್. ಹೆಚ್ಚಿನವರು ಸೇವಾ ದಾಖಲೆ ಸಿಕ್ಕ ಮೇಲೆ ಪುಸ್ತಕ ಮುಚ್ಚಿಬಿಡುತ್ತಾರೆ.

1850 ಮತ್ತು 1860ರ ಜನಗಣತಿಗೆ ‘ಸ್ಲೇವ್ ಶೆಡ್ಯೂಲ್’ ಅಂತ ಬೇರೆ ಪುಟಗಳಿವೆ. ಎಡಗಡೆ ಮಾಲೀಕನ ಹೆಸರು. ಅದರ ಕೆಳಗೆ ಸಾಲು ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರಿಲ್ಲ. 34, ಹೆಣ್ಣು. 9, ಗಂಡು. 2, ಹೆಣ್ಣು. ಅಷ್ಟೇ. ನಿಮ್ಮ ಹಿರಿಯರ ಹೆಸರು, ಅವರ ಅಪ್ಪ, ಅಜ್ಜ, ಮಾವ ಎಲ್ಲರ ಹೆಸರನ್ನೂ ಅಲ್ಲಿ ಹುಡುಕಿ. ಇಪ್ಪತ್ತರ ಹುಡುಗನ ಹೆಸರಿನಲ್ಲಿ ಏನೂ ಇರುವುದಿಲ್ಲ, ಅಪ್ಪನ ಹೆಸರಿನಲ್ಲಿ ಇರಬಹುದು. 1860ರಲ್ಲಿ ನಾರ್ತ್ ಕೆರೊಲಿನಾದಲ್ಲಿ ನೂರಕ್ಕೆ ಸುಮಾರು 28 ಮನೆಗಳು, ಸೌತ್ ಕೆರೊಲಿನಾದಲ್ಲಿ 46, ಮಿಸಿಸಿಪ್ಪಿಯಲ್ಲಿ 49 ಮನೆಗಳು ಗುಲಾಮರನ್ನು ಇಟ್ಟುಕೊಂಡಿದ್ದವು. ಅತ್ತೆಯವರ ಮಾತು ನಿಜ ಇರಬಹುದು, ನೋಡದೆ ಹೇಳಲಾಗದು. ಉಯಿಲು, ತೆರಿಗೆ ಪಟ್ಟಿ ಕೌಂಟಿ ಕೋರ್ಟಿನಲ್ಲಿ ಸಿಗುತ್ತದೆ, ಅಲ್ಲಿ ಕೆಲವೊಮ್ಮೆ ಆ ಜನರ ಹೆಸರೂ ಇರುತ್ತದೆ.

ನೀವು ಟೆನೆಸಿಯಲ್ಲಿರುವುದು ದೊಡ್ಡ ಅನುಕೂಲ. 1914–15ರಲ್ಲಿ, ಆಮೇಲೆ 1920ರಿಂದ 22ರವರೆಗೆ, ಬದುಕಿದ್ದ ಮುದಿ ಸೈನಿಕರಿಗೆ ಆ ರಾಜ್ಯ ಪ್ರಶ್ನೆಪಟ್ಟಿ ಕಳಿಸಿತ್ತು. ಅಪ್ಪನಿಗೆ ಎಷ್ಟು ಜಮೀನಿತ್ತು, ಗುಲಾಮರಿದ್ದರಾ, ಎಂಥ ಮನೆ, ಶಾಲೆ ಎಷ್ಟು ದೂರ, ಗುಲಾಮರಿದ್ದವರು ಇಲ್ಲದವರ ಜೊತೆ ಸಮವಾಗಿ ಬೆರೆಯುತ್ತಿದ್ದರಾ ಅಂತ ನೇರವಾಗಿಯೇ ಕೇಳಿದ್ದಾರೆ. ಉತ್ತರಗಳು ನಿಮ್ಮ ಊರಿನ ಟೆನೆಸಿ ಸ್ಟೇಟ್ ಲೈಬ್ರರಿಯಲ್ಲಿವೆ. ಅವರದೇ ಮಾತಿನಲ್ಲಿ ಇಂಥ ಕಾಗದ ಸಿಗುವುದು ಅಪರೂಪ.

ಆ ಕರಿಯರ ಹೆಸರಿನ ಬಗ್ಗೆ. ಟೆನೆಸಿ 1921ರಲ್ಲಿ ಇಂಥವರಿಗೆ ಪಿಂಚಣಿ ಕೊಡಲು ಶುರು ಮಾಡಿತು, ಮಿಸಿಸಿಪ್ಪಿ 1888ರಿಂದಲೇ ಕೊಟ್ಟಿತು. ಆದರೆ ಅವರು ಸೈನಿಕರಾಗಿರಲಿಲ್ಲ. ಮಾಲೀಕನ ಜೊತೆ ಅಡುಗೆ ಮಾಡಲು, ಕುದುರೆ ನೋಡಿಕೊಳ್ಳಲು, ಕೋಟೆಗೆ ಮಣ್ಣು ಹೊರಲು ಒಯ್ದ ಗುಲಾಮರು. ಹೋಗುವುದಿಲ್ಲ ಅನ್ನುವ ಅಧಿಕಾರ ಅವರಿಗಿರಲಿಲ್ಲ. ಕರಿಯರನ್ನು ಸೈನಿಕರಾಗಿ ಸೇರಿಸಿಕೊಳ್ಳಲು ಕಾನ್ಫೆಡರೇಟ್ ಸಂಸತ್ತು ಒಪ್ಪಿದ್ದು 1865ರ ಮಾರ್ಚ್‌ನಲ್ಲಿ, ಯುದ್ಧ ಮುಗಿಯಲು ಕೆಲವೇ ವಾರ ಉಳಿದಾಗ. ಈ ಅರ್ಜಿಗಳನ್ನು ತೋರಿಸಿ ‘ಕರಿಯರೂ ನಮ್ಮ ಪರ ಹೋರಾಡಿದರು’ ಅನ್ನುವವರು ನಿಮಗೆ ಸಿಗುತ್ತಾರೆ. ಅರ್ಜಿಯನ್ನೇ ಓದಿ ಅಂತ ಹೇಳಿ. ಅದರಲ್ಲಿ ಮಾಲೀಕನ ಹೆಸರು ಕೇಳುವ ಸಾಲಿದೆ.

ಅದೇ ಸಾಲು ಇನ್ನೊಬ್ಬರಿಗೆ ಬಹಳ ಬೆಲೆಬಾಳುತ್ತದೆ. ಕರಿಯರ ಕುಟುಂಬಗಳು ವಂಶ ಹುಡುಕಿಕೊಂಡು ಹಿಂದಕ್ಕೆ ಹೋದರೆ 1870ರ ಜನಗಣತಿಯಲ್ಲಿ ಗೋಡೆ ಅಡ್ಡ ಬರುತ್ತದೆ. ಗುಲಾಮರಾಗಿದ್ದವರ ಹೆಸರು ಮೊದಲ ಬಾರಿಗೆ ಬಂದದ್ದು ಅಲ್ಲಿ. ಆ ಗೋಡೆ ದಾಟಲು ಮಾಲೀಕನ ಹೆಸರು ಬೇಕು. ನಿಮ್ಮ ಅತ್ತೆಯವರ ಮನೆಯ ಉಯಿಲಿನಲ್ಲೋ, ಹಳೆಯ ಪತ್ರದಲ್ಲೋ ಗುಲಾಮರ ಹೆಸರುಗಳು ಸಿಕ್ಕರೆ ದಯವಿಟ್ಟು ಮುಚ್ಚಿಡಬೇಡಿ. ನಕಲು ಮಾಡಿ ರಾಜ್ಯದ ಆರ್ಕೈವ್ಸ್‌ಗೆ ಕೊಡಿ. ಅದಕ್ಕಾಗಿ ಯಾರೋ ವರ್ಷಗಟ್ಟಲೆ ಹುಡುಕುತ್ತಿರುತ್ತಾರೆ.

ಪ್ರಶ್ನೆ: ಸ್ಮಶಾನದಲ್ಲಿ ಕಲ್ಲಿನ ತುದಿ ಚೂಪಾಗಿದೆ. ಅದರಿಂದ ಏನಾದರೂ ಗೊತ್ತಾಗುತ್ತದಾ?
(ಮೊಬೈಲ್, ಅಲಬಾಮಾದ ಓದುಗರು)

ಉತ್ತರ: ಗೊತ್ತಾಗುತ್ತದೆ. ಸರ್ಕಾರ ಕಾನ್ಫೆಡರೇಟ್ ಸೈನಿಕರಿಗೆ ಕೊಡುವ ಕಲ್ಲಿನ ತಲೆ ಚೂಪು, ಒಕ್ಕೂಟದವರದು ದುಂಡು. ಆದರೆ ಕಲ್ಲನ್ನು ಸತ್ತು ಎಷ್ಟೋ ವರ್ಷದ ಮೇಲೆ ಮೊಮ್ಮಕ್ಕಳು ಹಾಕಿಸಿರಬಹುದು, ಅದರ ಮೇಲಿನ ರೆಜಿಮೆಂಟ್ ಅವರ ಊಹೆ ಇರಬಹುದು. ಚೀಟಿ ನೋಡಿ ಖಚಿತಪಡಿಸಿಕೊಳ್ಳಿ. ಅಲಬಾಮಾದಲ್ಲಿ 1907ರಲ್ಲಿ ಕಾನ್ಫೆಡರೇಟ್ ಸೈನಿಕರದ್ದೇ ಒಂದು ಗಣತಿ ಆಗಿದೆ, ಮಾಂಟ್‌ಗಮರಿಯ ರಾಜ್ಯ ಆರ್ಕೈವ್ಸ್‌ನಲ್ಲಿದೆ. ಆತ ಆಗ ಬದುಕಿದ್ದರೆ ಮೊದಲು ಅಲ್ಲಿಗೆ ಹೋಗಿ.

ಪ್ರಶ್ನೆ: (ಮತ್ತೆ ಷಾರ್ಲೆಟ್‌ನ ಓದುಗರು) ಮಗಳಿಗೆ ಶಾಲೆಯಲ್ಲಿ ಎರಡೂ ಕಡೆಯ ಹಿರಿಯರ ಬಗ್ಗೆ ಬರೆಯಲು ಹೇಳಿದ್ದಾರೆ. ಗಂಡನ ಕಡೆ ಇಷ್ಟೊಂದು ಕಾಗದ, ನನ್ನ ತವರು ಧಾರವಾಡ ಜಿಲ್ಲೆಯ ಹಳ್ಳಿ, ಹತ್ತಿ ಬೆಳೆಯುವವರು, ಒಂದು ಚೂರು ಕಾಗದವೂ ಇಲ್ಲ. ಆ 1861–65ರಲ್ಲಿ ನಮ್ಮವರು ಏನು ಮಾಡುತ್ತಿದ್ದರು ಅಂತ ಹೇಗೆ ಬರೆಯಲಿ?

ಉತ್ತರ: ಹತ್ತಿ ಬೆಳೆಯುತ್ತಿದ್ದರು, ಅದೂ ಆ ಯುದ್ಧದ ಕಾರಣಕ್ಕೇ ಮೊದಲಿಗಿಂತ ಜಾಸ್ತಿ. ಒಕ್ಕೂಟದ ಹಡಗುಗಳು ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ಕಣ್ಣು ಮುಂಬೈ ಪ್ರಾಂತ್ಯದ ಕಡೆ ತಿರುಗಿತು. ಧಾರವಾಡದ ಕಪ್ಪು ಮಣ್ಣಿನಲ್ಲಿ ಅಮೆರಿಕದಿಂದ ತಂದ ಬೀಜದ ಹತ್ತಿ 1840ರ ದಶಕದಿಂದಲೇ ಬೆಳೆಯುತ್ತಿತ್ತು, ‘ಧಾರವಾಡ ಅಮೆರಿಕನ್’ ಅಂತಲೇ ಅದಕ್ಕೆ ಹೆಸರು. ಬೆಲೆ ಏರಿತು. ಆ ಹತ್ತಿಯನ್ನು ಕಾರವಾರದ ಕಡೆಯಿಂದ ಹಡಗಿಗೆ ಹಾಕಬೇಕು ಅಂತ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಗಿರಣಿಯವರು ಒತ್ತಾಯ ಮಾಡುತ್ತಿದ್ದ ದಿನಗಳವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಬರುತ್ತದೆ ಅಂತಾದಾಗ ಬೆಲೆ ಕುಸಿಯಿತು, ಮುಂಬೈಯಲ್ಲಿ ದೊಡ್ಡ ದೊಡ್ಡ ವ್ಯಾಪಾರಿಗಳೇ ಮುಳುಗಿದರು. ನಿಮ್ಮ ಮಗಳ ಒಬ್ಬ ಅಜ್ಜ ಹತ್ತಿಯ ರಾಜ್ಯಗಳ ಪರವಾಗಿ ಬಂದೂಕು ಹಿಡಿದಿದ್ದ ಅದೇ ವರ್ಷಗಳಲ್ಲಿ, ಇನ್ನೊಬ್ಬ ಅಜ್ಜನ ಹೊಲದ ಹತ್ತಿಗೆ ಕಂಡರಿಯದ ಬೆಲೆ ಬಂದಿತ್ತು. ಇದನ್ನು ಅವಳು ಬರೆಯಲಿ.

ಹೆಸರುಗಳಿಗೆ ಕಾಗದ ಇಲ್ಲ ಅನ್ನಬೇಡಿ, ನಿಮ್ಮ ಕಡೆ ಹೆಳವರು ಬರುತ್ತಾರಲ್ಲ. ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಕಟ್ಟೆಯ ಮೇಲೆ ಏಳೆಂಟು ತಲೆಮಾರಿನ ಹೆಸರನ್ನು ಒಂದೂ ತಪ್ಪದೆ ಹೇಳಿ, ಕಾಳು ಇಸಿದುಕೊಂಡು ಹೋಗುತ್ತಿದ್ದರು. ಹಳೆಯ ಪುಸ್ತಕ ಇಟ್ಟುಕೊಂಡಿರುವ ಹೆಳವರೂ ಇದ್ದಾರೆ. ಊರಿಗೆ ಫೋನ್ ಮಾಡಿ, ನಿಮ್ಮ ಮನೆತನದ ಹೆಳವರು ಯಾರು, ಯಾವ ತಿಂಗಳು ಬರುತ್ತಾರೆ ಅಂತ ಕೇಳಿ. ಬಂದಾಗ ಅಣ್ಣನಿಗೋ ತಮ್ಮನಿಗೋ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಹೆಣ್ಣುಮಕ್ಕಳ ಹೆಸರು ಸೇರಿಸುವುದಿಲ್ಲ ಅಂದರೂ ಬಿಡಬೇಡಿ, ನಿಮ್ಮ ಹೆಸರು, ಮಗಳ ಹೆಸರು ಎರಡನ್ನೂ ಬರೆಸಿ.